ಎಡಗೆನ್ನೆಯ ಸಾಕ್ಷಿ

"ಹೊಸಬರಿಗೆ ಇದನ್ನ ನಾನು ಕೊಡಲ್ಲ" ಎಂದು ಅಂಗಡಿಯವರು ಹೇಳಿದಾಗಲೇ ನಾನು ಹಿಂದಿರುಗಬೇಕಿತ್ತು. ಆದರೆ ಪಕ್ಕದಲ್ಲಿ ನನ್ನ ಹೆಂಡತಿಯ ತಮ್ಮ ನಿಂತಿದ್ದ. ಭಾವಮೈದ ಪಕ್ಕದಲ್ಲಿದ್ದಾಗ ಮನುಷ್ಯನ ಬುದ್ಧಿ ಸ್ವಲ್ಪ ಕುಗ್ಗುತ್ತದೆ, ಎದೆ ಸ್ವಲ್ಪ ಹಿಗ್ಗುತ್ತದೆ.

"ಯಾಕೆ ಕೊಡಲ್ಲ?" ಅವನು ಗಲ್ಲಾದ ಮೇಲೆ ಮೊಣಕೈ ಊರಿದ. "ನಮ್ಮ ಭಾವ ಏನು ಹಾಲುಗಲ್ಲದ ಹುಡುಗನಾ?"

"ಹುಡುಗನಾಗಿದ್ರೆ ಕೊಡ್ತಿದ್ದೆ. ಗಡ್ಡವೇ ಇರ್ತಿರಲಿಲ್ಲ, ಅಪಾಯವೂ ಇರ್ತಿರಲಿಲ್ಲ." ಅಂಗಡಿಯವರು ಮೇಲಿನ ಅರೆಯಿಂದ ಒಂದು ನೀಲಿ ಪೊಟ್ಟಣವನ್ನು ಚೇಳಿನ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ತೋರಿಸಿದರು. "ನನ್ನ ಹತ್ರ ಇರೋದ್ರಲ್ಲಿ ಇದೇ ಅತಿ ಹರಿತ. ಮೊದಲು ಈ ಹಳದಿ ಪೊಟ್ಟಣದ್ದು ಬಳಸಿ. ಕೈ ಕುದುರಲಿ, ಆಮೇಲೆ ನೀಲಿಗೆ ಬನ್ನಿ. ಈಜು ಕಲಿಯೋಕೆ ಯಾರಾದ್ರೂ ನಡುಹೊಳೆಗೆ ಹಾರ್ತಾರಾ?"

ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು. ಅಷ್ಟರಲ್ಲಿ ಭಾವಮೈದ ಬಾಯಿ ತೆರೆದ.

"ಅಪಾಯ ಇರೋದು ಮೊಂಡು ಬ್ಲೇಡಲ್ಲಿ ಭಾವ. ಮೊಂಡಾದ್ರೆ ಕೂದಲನ್ನ ಎಳೆಯುತ್ತೆ. ಎಳೆದ್ರೆ ನೀವು ಒತ್ತುತ್ತೀರಿ. ಒತ್ತಿದ್ರೆ ಕುಯ್ಯುತ್ತೆ. ಹರಿತವಾದ್ರೆ ಒತ್ತೋ ಗೋಜೇ ಇಲ್ಲ, ತಾನೇ ಜಾರ್ಕೊಂಡು ಹೋಗುತ್ತೆ. ಕಲಿಯೋರಿಗೇ ಕಣ್ರೀ ಹರಿತದ್ದು ಬೇಕಾಗಿರೋದು!"

ಇದೂ ನನಗೆ ಪೂರ್ತಿ ಒಪ್ಪಿಗೆಯಾಯಿತು. ಕೊನೆಗೆ ಮಾತಾಡಿದವರೇ ಸರಿ ಎನ್ನಿಸುವುದು ನನ್ನ ಹಳೆಯ ಕಾಯಿಲೆ. ನೀಲಿ ಪೊಟ್ಟಣವನ್ನೂ, ಕೈಯಲ್ಲಿ ಹಿಡಿದರೆ ನಲ್ಲಿಯ ತಿರುಪಿನಷ್ಟು ಭಾರವಿದ್ದ ಒಂದು ಸೇಫ್ಟಿ ರೇಜರನ್ನೂ ಕೊಂಡು ಮನೆಗೆ ಬಂದೆ.

ಇಷ್ಟು ವರ್ಷ ಕ್ಷೌರದಂಗಡಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ ನನಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ನಾನು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಸುರಕ್ಷತಾ ಮೇಲ್ವಿಚಾರಕ. ಸಂಜೆ ತರಗತಿಗೆ ಹೋಗಿ, ಆಕಳಿಸುತ್ತ ಓದಿ, ಸರ್ಟಿಫಿಕೇಟ್ ಪಡೆದವನು. ನೆಲ ಒದ್ದೆಯಾಗಿದ್ದರೆ "ಜೋಪಾನ", ಏಣಿ ಕಂಡರೆ "ಜೋಪಾನ", ಟೀ ಬಿಸಿಯಾಗಿದ್ದರೂ "ಜೋಪಾನ" ಎನ್ನುವುದರಿಂದ ಕೆಲಸಗಾರರು ನನ್ನನ್ನು ಜೋಪಾನಪ್ಪ ಎನ್ನುತ್ತಾರೆ. ಮರುದಿನ ಮುಖ್ಯ ಕಚೇರಿಯಿಂದ ತಪಾಸಣೆ ಸಾಹೇಬರು ಬರುವವರಿದ್ದರು. ನಮ್ಮ ಸಂಜೆ ತರಗತಿಯ ಮೇಷ್ಟ್ರು, "ಸುರಕ್ಷತೆ ಕಲಿಸುವವನ ಮುಖದಲ್ಲೇ ಸುರಕ್ಷತೆ ಕಾಣಬೇಕು" ಎನ್ನುತ್ತಿದ್ದರು. ಕನ್ನಡಿ ನೋಡಿಕೊಂಡೆ. ವಾರದ ಗಡ್ಡದ ನನ್ನ ಮುಖದಲ್ಲಿ ಸುರಕ್ಷತೆ ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತಿತ್ತು.

ಬೆಳಿಗ್ಗೆ ಬಚ್ಚಲಮನೆಯಲ್ಲಿ ಪೊಟ್ಟಣ ಬಿಡಿಸಿದೆ. ಕಾಗದದೊಳಗೆ ಇನ್ನೊಂದು ಕಾಗದ, ಅದರೊಳಗೆ ಮೇಣದ ಚುಕ್ಕೆ ಅಂಟಿದ ತೆಳ್ಳನೆಯ ತಗಡು. ಕಿಟಕಿಯ ಬೆಳಕಿಗೆ ಹಿಡಿದರೆ ಅದರ ಅಂಚು ಎಲ್ಲಿ ಮುಗಿಯುತ್ತದೆ, ಗಾಳಿ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವಂತಿರಲಿಲ್ಲ. ಮನುಷ್ಯ ಇಂಥದ್ದನ್ನೂ ಮಾಡಬಲ್ಲನೇ ಎಂದು ಕೈಮುಗಿಯಬೇಕೆನ್ನಿಸಿತು. ಕೈಯಲ್ಲಿ ಬ್ಲೇಡಿದ್ದುದರಿಂದ ಮುಗಿಯಲಿಲ್ಲ.

"ಏನ್ರೀ ಅದು, ಮುಖಕ್ಕೆ ಸುಣ್ಣ ಹೊಡೀತಿದ್ದೀರಾ?" ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಸೋಪಿನ ನೊರೆ ನೋಡುತ್ತಿದ್ದಳು.

"ಮಾತಾಡಿಸ್ಬೇಡ. ಸೂಕ್ಷ್ಮ ಕೆಲಸ."

ಭಾವಮೈದ ಒತ್ತಬೇಡಿ ಅಂದಿದ್ದ. ಆದರೆ ನಾನು ಸ್ವಭಾವತಃ ಒತ್ತುವವನು. ಸಹಿ ಹಾಕಿದರೆ ಕೆಳಗಿನ ಹಾಳೆಯ ಮೇಲೂ ಸಹಿ ಬೀಳುತ್ತದೆ. ಬಾಗಿಲ ಚಿಲಕ ಹಾಕಿದರೆ ಮತ್ತೊಮ್ಮೆ ಒತ್ತಿ ನೋಡುತ್ತೇನೆ. ಬಲಗೆನ್ನೆಯ ಮೇಲೆ ರೇಜರಿಟ್ಟು, ಯಾವ ಕೂದಲೂ ತಪ್ಪಿಸಿಕೊಳ್ಳದಿರಲೆಂದು, ಮನಃಪೂರ್ವಕವಾಗಿ ಒತ್ತಿ ಎಳೆದೆ. ಏನೂ ಆಗಲಿಲ್ಲ. ನೋವಿಲ್ಲ, ಉರಿಯಿಲ್ಲ, ಸದ್ದಿಲ್ಲ. ಆಹಾ ಎಂದುಕೊಂಡು ದವಡೆಯ ಮೂಳೆಯ ಮೇಲೂ ಹಾಗೆಯೇ ತಿರುಗಿಸಿದೆ.

"ನೋಯ್ತಿಲ್ವೇನ್ರೀ?" ಹೆಂಡತಿಯ ದನಿ ತಗ್ಗಿತ್ತು.

"ಏನು ನೋಯ್ಬೇಕು?"

"ಕನ್ನಡಿ ನೋಡ್ಕೊಳ್ಳಿ."

ನೋಡಿಕೊಂಡೆ. ಬಲಗಿವಿಯ ಕೆಳಗೆ, ದವಡೆಯುದ್ದಕ್ಕೂ, ರೂಲು ದೊಣ್ಣೆ ಇಟ್ಟು ಎಳೆದಂಥ ಗೆರೆ. ಕುಯ್ದಾಗ ಅದು ಬರೀ ಗೆರೆಯಾಗಿತ್ತು. ರಕ್ತಕ್ಕೆ ಸುದ್ದಿ ತಡವಾಗಿ ಮುಟ್ಟಿರಬೇಕು, ನಾನು ನೋಡುತ್ತಿದ್ದಂತೆ ಒಂದೊಂದೇ ಹನಿಯಾಗಿ ವಿಚಾರಿಸಲು ಬಂತು. ಹೆಂಡತಿ ಬಯ್ಯುವುದನ್ನೂ ಮರೆತು ಪಟಿಕದ ತುಂಡು ಒತ್ತಿದಳು. "ಎಂಥ ಬ್ಲೇಡ್ರೀ ಇದು! ಕುಯ್ದಿದ್ದು ಕುಯ್ಸ್ಕೊಂಡೋರಿಗೇ ಗೊತ್ತಾಗಿಲ್ಲ!" ಅವಳ ದನಿಯಲ್ಲಿ ಭಕ್ತಿಯೇ ಇತ್ತು. ಮದುವೆಯಾದಾಗಿನಿಂದ ನನಗೆ ದೊರೆಯದ ಗೌರವ ಆ ತಗಡಿನ ಚೂರಿಗೆ ಅರೆಕ್ಷಣದಲ್ಲಿ ದೊರೆಯಿತು.

ರಕ್ತ ನಿಲ್ಲುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಎಡಗೆನ್ನೆಯ ಗಡ್ಡ ಹಾಗೇ ಉಳಿಯಿತು. ಕಚೇರಿಯ ಬಚ್ಚಲಲ್ಲಿ ಮುಗಿಸಿದರಾಯಿತೆಂದು ರೇಜರು, ಬ್ರಶ್ಶು, ಪೊಟ್ಟಣ ಎಲ್ಲ ಚೀಲಕ್ಕೆ ಹಾಕಿಕೊಂಡು ಓಡಿದೆ. ಬಸ್ಸಿನಲ್ಲಿ ನನ್ನ ಎಡಕ್ಕೆ ಕೂತವರು ಕಾಯಿಲೆಯವನೆಂದು ಸರಿದರು, ಬಲಕ್ಕೆ ಕೂತವರು ಜಗಳಗಂಟನೆಂದು ಸರಿದರು. ಎಂದೂ ಇಲ್ಲದಷ್ಟು ಆರಾಮಾಗಿ ಕೂತು ಹೋದೆ.

ಕಾರ್ಖಾನೆ ತಲುಪಿದ ಕೂಡಲೇ ನಾನು ನೆಟ್ಟಗೆ ಬಚ್ಚಲಿಗೆ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಹೋಗುವ ದಾರಿಯಲ್ಲಿ ರಟ್ಟು ಕತ್ತರಿಸುವ ದೊಡ್ಡ ಯಂತ್ರವಿತ್ತು. ಅದರ ಅಲಗಿನ ಮುಂದಿರುವ ರಕ್ಷಣಾ ಜಾಲರಿಯ ತಿರುಪು ಬಿಗಿಯಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಹಿಂದಿನ ಸಂಜೆ ನಾನೇ ಬಿಗಿ ಮಾಡಿಸಿದ್ದೆ. ಅನುಮಾನಕ್ಕೆ ಅದೆಲ್ಲ ಬೇಕೇ?

ಆ ಯಂತ್ರ ನಡೆಸುವವರು ಕತ್ತರಿಯಕ್ಕ. ನನಗಿಂತ ಹಿರಿಯರು. ಯಂತ್ರದ ಅಲಗು ಹೆಚ್ಚು ಚೂಪೋ ಅಕ್ಕನ ನಾಲಿಗೆಯೋ ಎಂಬ ಬಗ್ಗೆ ಕಾರ್ಖಾನೆಯಲ್ಲಿ ಎರಡು ಪಕ್ಷಗಳಿದ್ದವು. ಯಂತ್ರ ಇನ್ನೂ ಶುರುವಾಗಿರಲಿಲ್ಲ, ಅಕ್ಕ ಬಟ್ಟೆ ಹಿಡಿದು ಸ್ವಿಚ್ಚು ಒರೆಸುತ್ತಿದ್ದರು.

"ಏನು ಜೋಪಾನಪ್ಪಾ, ಬೆಳಿಗ್ಗೆ ಬೆಳಿಗ್ಗೆನೇ ಕತ್ತು ಒಳಗೆ ಹಾಕ್ತಿದ್ದೀರಿ? ಮನೇಲಿ ಹೇಳಿ ಬಂದಿದ್ದೀರಾ?"

"ಒಂದೇ ನಿಮಿಷ ಅಕ್ಕಾ, ತಿರುಪು ನೋಡ್ತೀನಿ" ಎಂದು ಬಗ್ಗಿದೆ. ಅಂಗಿಯ ಗಂಜಿ ಹಾಕಿದ ಕಾಲರು ದವಡೆಗೆ ಉಜ್ಜಿತು. ಮಲಗಿದ್ದ ಗೆರೆ ಎದ್ದಿತು. ಯಂತ್ರದ ಮೇಲೆ ಹಾಸಿದ್ದ ಬಿಳಿ ಹಾಳೆಯ ಮೇಲೆ ಟಪ್ ಎಂದು ಒಂದು ಹನಿ ಬಿತ್ತು, ಅದರ ಹಿಂದೆ ಇನ್ನೊಂದು.

ಸರಿಯಾಗಿ ಆ ಗಳಿಗೆಯಲ್ಲಿ ಮ್ಯಾನೇಜರು, "ಬನ್ನಿ ಸಾಹೇಬ್ರೆ, ಇದು ನಮ್ಮ ಅತ್ಯಂತ ಸುರಕ್ಷಿತ ವಿಭಾಗ" ಎನ್ನುತ್ತ ತಪಾಸಣೆ ಸಾಹೇಬರನ್ನು ಒಳಗೆ ಕರೆತಂದರು.

ಅವರಿಗೆ ಕಂಡದ್ದು ಇಷ್ಟು: ಯಂತ್ರದೊಳಗೆ ಸುರಕ್ಷತಾ ಮೇಲ್ವಿಚಾರಕನ ತಲೆ, ಹಾಳೆಯ ಮೇಲೆ ರಕ್ತ, ಸ್ವಿಚ್ಚಿನ ಮೇಲೆ ಕತ್ತರಿಯಕ್ಕನ ಕೈ.

ಮ್ಯಾನೇಜರು ಕೂಗಿದ ಕೂಗಿಗೆ ನಾನು ಬೆಚ್ಚಿ ತಲೆಯೆತ್ತಿ ಜಾಲರಿಗೆ ಹೊಡೆಸಿಕೊಂಡೆ. ಅದು ಗಟ್ಟಿಯಾಗಿತ್ತು, ತಿರುಪು ಬಿಗಿಯಾಗಿಯೇ ಇತ್ತೆಂದು ಖಾತರಿಯಾಯಿತು.

ಸುದ್ದಿ ಕಾರ್ಖಾನೆಯೊಳಗೆ ನನಗಿಂತ ಬೇಗ ನಡೆಯಿತು. ಗೋದಾಮಿಗೆ ಮುಟ್ಟಿದಾಗ ಕತ್ತು ಅರ್ಧ ಹೋಗಿತ್ತು. ಕ್ಯಾಂಟೀನಿಗೆ ಮುಟ್ಟಿದಾಗ ಪೂರ್ತಿ ಹೋಗಿತ್ತು. ಪ್ಯಾಕಿಂಗ್ ವಿಭಾಗದಲ್ಲಿ ತಲೆಯನ್ನು ಯಾವ ಅಳತೆಯ ಪೆಟ್ಟಿಗೆಯಲ್ಲಿ ಇಡಬೇಕೆಂಬ ಚರ್ಚೆ ನಡೆಯುತ್ತಿತ್ತಂತೆ. ನಾನು ಎರಡೂ ಕಾಲಿನ ಮೇಲೆ ಪ್ರಥಮ ಚಿಕಿತ್ಸೆಯ ಕೋಣೆಗೆ ನಡೆದು ಹೋಗುವುದನ್ನು ಕಂಡು ಕ್ಯಾಂಟೀನಿನ ಅಡುಗೆಯವರು ಸೌಟು ಕೈಬಿಟ್ಟರು. ಗೇಟಿನ ವಾಚ್‌ಮನ್ ನೆಟ್ಟಗೆ ನಿಂತು ಸಲಾಮು ಹೊಡೆದ. ತಲೆ ಇದ್ದಾಗ ಅವನು ಒಮ್ಮೆಯೂ ಹೊಡೆದಿರಲಿಲ್ಲ.

ನರ್ಸಮ್ಮ ರಕ್ತ ಒರೆಸಿ, ಗಾಯದ ಮೇಲೆ ಟಾರ್ಚು ಬಿಟ್ಟು, ಬಹಳ ಹೊತ್ತು ನೋಡಿದರು.

"ಇಷ್ಟು ಶುದ್ಧವಾದ ಗಾಯ ನನ್ನ ಸರ್ವೀಸಲ್ಲೇ ನೋಡಿಲ್ಲ" ಎಂದರು ಉಸಿರು ಬಿಟ್ಟು. "ಎಷ್ಟು ನೇರ! ಅಂಚು ನೋಡಿ, ಒಂದು ಎಳೆ ಆಚೆ ಈಚೆ ಇಲ್ಲ."

"ಅದು ಬೆಳಿಗ್ಗೆ ಗಡ್ಡ ತೆಗೆಯುವಾಗ ಆಗಿದ್ದು ನರ್ಸಮ್ಮಾ."

"ಸುಮ್ನಿರಿ. ಮನೇಲಿ ಗಡ್ಡ ತೆಗೆಯೋರ ಗಾಯ ನಾನು ದಿನಾ ನೋಡ್ತೀನಿ. ಬೆಕ್ಕು ಪರಚಿದಂಗಿರುತ್ತೆ. ಇದು ಮನುಷ್ಯರ ಕೈ ಕೆಲಸ ಅಲ್ಲ, ಯಂತ್ರದ್ದೇ" ಎಂದು, ಗದ್ದದ ಕೆಳಗಿನಿಂದ ನೆತ್ತಿಯ ತನಕ ಪಟ್ಟಿ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿದರು. ನಾನು ಉಡುಗೊರೆಯ ಪೊಟ್ಟಣದಂತೆ ಕಾಣುತ್ತಿದ್ದೆ.

ಮ್ಯಾನೇಜರ ಜೊತೆ ನನ್ನ ಹಿಂದೆಯೇ ಬಂದಿದ್ದ ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದ ನಿಯಮವಿತ್ತು: 'ಯಂತ್ರದಿಂದ ಗಾಯವಾದರೆ ಯಂತ್ರಕ್ಕೆ ಬೀಗ, ನಡೆಸಿದವರು ಮನೆಗೆ.' ಸಾಹೇಬರು ತಿರುಗಿ ಅದನ್ನು ಜೋರಾಗಿ ಓದಿದರು. "ಬಹಳ ಚೆನ್ನಾಗಿದೆ. ಯಾರು ಬರೆದಿದ್ದು?"

"ನಾನೇ" ಎಂದೆ. ಪಟ್ಟಿಯ ಬಿಗಿಗೆ ಅದು "ಆಆ" ಎಂದು ಕೇಳಿಸಿತು.

ಸಂಜೆ ತರಗತಿಯಲ್ಲಿ ಆ ವಾಕ್ಯಕ್ಕೆ ಮೇಷ್ಟ್ರು ಶಹಬ್ಬಾಸ್ ಕೊಟ್ಟಿದ್ದರು. 'ಮನೆಗೆ' ಎಂದರೆ ವಿಚಾರಣೆ ಮುಗಿಯುವವರೆಗೆ ಕೂಲಿಯಿಲ್ಲದೆ ಮನೆಯಲ್ಲಿ ಕೂರುವುದು. ಮುಖ್ಯ ಕಚೇರಿಯಲ್ಲಿ ಶುರುವಾದ ವಿಚಾರಣೆ ಮುಗಿದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಬಾಗಿಲಾಚೆ ಕತ್ತರಿಯಕ್ಕ ನಿಂತಿದ್ದರು. ಅವರ ಮನೆಯಲ್ಲಿ ದುಡಿಯುವ ಕೈಗಳು ಅವೆರಡೇ ಎಂದು ಕಾರ್ಖಾನೆಗೆಲ್ಲ ಗೊತ್ತು.

"ನನ್ನ ಮೆಷಿನ್ನು ಆಫಲ್ಲಿತ್ತು ಸಾಹೇಬ್ರೆ. ನಿಂತ ಮೆಷಿನ್ನು ಯಾರ ಕತ್ತು ಕುಯ್ಯುತ್ತೆ? ಕೇಳಿ ಪಟ್ಟಿ ಸುತ್ಕೊಂಡು ಕೂತಿರೋ ಆ ಪೊಟ್ಟಣವನ್ನೇ!"

"ಅಕ್ಕ ಹೇಳ್ತಿರೋದು ನಿಜ. ನಾನೇ ಕುಯ್ದುಕೊಂಡಿದ್ದು" ಎಂದು ನಾನು ಪಟ್ಟಿ ಸಡಿಲಿಸಿಕೊಂಡು ಹೇಳಿದೆ.

ಮ್ಯಾನೇಜರ ಕಣ್ಣಲ್ಲಿ ನೀರು ಬಂತು. "ಕೇಳಿದ್ರಾ ಸಾಹೇಬ್ರೆ! ಕತ್ತು ಹೋದ್ರೂ ಕೈಕೆಳಗಿನೋರನ್ನ ಬಿಟ್ಟುಕೊಡ್ತಿಲ್ಲ. ತಾನೇ ದಡ್ಡ ಅಂತ ಒಪ್ಕೊಳ್ತಿದ್ದಾನೆ. ಎಂಥ ಮನುಷ್ಯ!"

"ನಿಜವಾಗ್ಲೂ ದಡ್ಡತನವೇ ಸಾರ್. ಹೊಸ ಬ್ಲೇಡು, ನೀಲಿ ಪೊಟ್ಟಣದ್ದು..."

"ಎಂಥ ತ್ಯಾಗ!" ಎಂದರು ಸಾಹೇಬರೂ ಮೆಲ್ಲಗೆ. ಬಾಗಿಲಲ್ಲಿ ತುಂಬಿದ್ದ ಕೆಲಸಗಾರರಲ್ಲಿ ಒಬ್ಬರು ಟೋಪಿ ತೆಗೆದರು. ನಾನು ನಿಜ ಹೇಳಿದಷ್ಟೂ ದೊಡ್ಡವನಾಗುತ್ತಿದ್ದೆ, ನಾನು ದೊಡ್ಡವನಾದಷ್ಟೂ ಅಕ್ಕನ ಕೆಲಸ ಸಣ್ಣದಾಗುತ್ತಿತ್ತು. ಇಷ್ಟು ಗೌರವ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ, ಇಷ್ಟು ಹೆದರಿಕೆಯೂ ಆಗಿರಲಿಲ್ಲ.

ಕೊನೆಗೆ ಚೀಲದಿಂದ ರೇಜರು ತೆಗೆದು ಮೇಜಿನ ಮೇಲಿಟ್ಟೆ. ಎಡಗೆನ್ನೆಯ ಮೇಲಿನ ಪಟ್ಟಿ ಸರಿಸಿ ಗಡ್ಡ ತೋರಿಸಿದೆ. "ನೋಡಿ, ಅರ್ಧ ಗಡ್ಡ ಇನ್ನೂ ಇದೆ. ಬಲಗಡೆ ತೆಗೆಯುವಾಗ ಆಗಿದ್ದು."

"ಅರ್ಧ ಗಡ್ಡ ಸಾಕ್ಷಿ ಅಲ್ರೀ, ಸೋಮಾರಿತನ" ಎಂದರು ಸಾಹೇಬರು. ಆದರೂ ರೇಜರನ್ನು ಕುತೂಹಲದಿಂದ ನೋಡಿದರು. "ಸರಿ. ನ್ಯಾಯ ನ್ಯಾಯವೇ. ಉಳಿದ ಅರ್ಧ ನಮ್ಮೆದುರಿಗೇ ತೆಗೀರಿ. ಅದು ಅಂಥಾ ಗಾಯ ಮಾಡುತ್ತಾ ನೋಡೇ ಬಿಡೋಣ. ಮಾಡಿದ್ರೆ ಈಯಮ್ಮ ಕೆಲಸಕ್ಕೆ. ಮಾಡದಿದ್ರೆ ಮನೆಗೆ."

ಕ್ಯಾಂಟೀನಿನಲ್ಲಿ ಏರ್ಪಾಡಾಯಿತು. ಬಿಸಿನೀರು ಬಂತು. ತಟ್ಟೆಯೊಂದನ್ನು ಅಡುಗೆಯವರು ಉಜ್ಜಿ ಉಜ್ಜಿ ಕನ್ನಡಿ ಮಾಡಿ ಎತ್ತಿ ಹಿಡಿದರು. ಇಡೀ ಕಾರ್ಖಾನೆ ಬೆಂಚುಗಳ ಮೇಲೆ ಹತ್ತಿ ನಿಂತಿತು. ನರ್ಸಮ್ಮ ತಲೆಯ ಸುತ್ತು ಬಿಚ್ಚಿ ಬಲಗಡೆಯ ಗಾಯದ ಮೇಲೆ ಮಾತ್ರ ಸಣ್ಣ ಪಟ್ಟಿ ಅಂಟಿಸಿದರು, ನಾನು ನೊರೆ ಹಚ್ಚಿಕೊಂಡೆ. ಕತ್ತರಿಯಕ್ಕ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು: "ಚೆನ್ನಾಗಿ ಕುಯ್ಕೊಳ್ರೀ. ಮುಖ ನೋಡ್ಬೇಡಿ, ನನ್ನ ಅನ್ನ ನೋಡಿ."

ಬೇಕೆಂದೇ ಕುಯ್ದುಕೊಳ್ಳೋಣವೆಂದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ. ಬೆಳಗಿನಂತೆ ಪ್ರಾಮಾಣಿಕವಾಗಿ ಒತ್ತೋಣವೆಂದರೆ ಕೈಯಲ್ಲಿ ಕಸುವೇ ಉಳಿದಿರಲಿಲ್ಲ. ಅಷ್ಟು ಕಣ್ಣುಗಳ ಮುಂದೆ ಬೆರಳುಗಳು ನೂಲಿನಂತಾಗಿದ್ದವು. ರೇಜರು ಕೈಯಿಂದ ಜಾರದಂತೆ ಹಿಡಿದುಕೊಳ್ಳುವುದೇ ಸಾಹಸವಾಯಿತು. ಅದು ತನ್ನ ಭಾರದಿಂದ ತಾನೇ ಕೆನ್ನೆಯ ಮೇಲೆ ಇಳಿಯಿತು.

ಆಗ ಒಂದು ಸದ್ದು ಕೇಳಿಸಿತು. ದೂರದಲ್ಲಿ ಯಾರೋ ರೇಷ್ಮೆ ಬಟ್ಟೆ ಮಡಿಸುತ್ತಿರುವಂಥ ಸದ್ದು. ಬೆಳಿಗ್ಗೆ ನಾನು ಒತ್ತಿದಾಗ ಸುಮ್ಮನಿದ್ದ ಬ್ಲೇಡು ಈಗ ಹಾಡುತ್ತಿತ್ತು. ಅದು ಹೋದ ದಾರಿಯಲ್ಲಿ ನೊರೆಯಿಲ್ಲ, ಗಡ್ಡವಿಲ್ಲ, ಚರ್ಮ ಮಾತ್ರ ಈಗ ತಾನೇ ಹುಟ್ಟಿದಂತೆ ಹೊಳೆಯಿತು. ದವಡೆಯ ಮೂಳೆ, ಗದ್ದದ ಗುಳಿ, ಗಂಟಲಿನ ಉಬ್ಬು, ಎಲ್ಲ ಕಡೆ ಅದು ದಾರಿ ಗೊತ್ತಿದ್ದವರಂತೆ ನಡೆಯಿತು. ನಾನೂ ಅದರ ಹಿಂದೆ ಹಿಂದೆ ಹೋದೆ, ಅಷ್ಟೆ.

ಮುಖ ತೊಳೆದೆ. ಒಂದು ಗೀರಿಲ್ಲ. ಒಂದು ಹನಿಯಿಲ್ಲ.

"ಅಬ್ಬಾ!" ಎಂದರು ಮ್ಯಾನೇಜರು. ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಕತ್ತರಿಯಕ್ಕನ ಮುಖ ನೋಡಿ ಜೇಬಿಗಿಳಿಸಿದರು.

"ಅದ್ಭುತ" ಎಂದರು ಸಾಹೇಬರು. "ಅಂದ್ರೆ ಬ್ಲೇಡು ನಿರ್ದೋಷಿ. ತಪ್ಪು ಯಂತ್ರದ್ದೇ. ಬೀಗ ಹಾಕ್ಸಿ."

"ಹಾಳಾದ ಕೈ!" ಎಂದರು ಕತ್ತರಿಯಕ್ಕ ನನ್ನ ಕಡೆ ತಿರುಗಿ. "ಹುಟ್ಟಿದಾಗಿನಿಂದ ಒಂದು ಕೆಲಸನೂ ನೆಟ್ಟಗೆ ಮಾಡ್ದೇ ಇರೋರು, ಇವತ್ತೇ ನೆಟ್ಟಗೆ ಮಾಡ್ಬೇಕಿತ್ತಾ?" ಹೇಳುತ್ತ ಹೇಳುತ್ತ ದನಿ ಒಡೆಯಿತು. ಊಟದ ಡಬ್ಬಿ ಎತ್ತಿಕೊಂಡು ಬಾಗಿಲ ಕಡೆ ನಡೆದರು. ಬೆಂಚಿನ ಮೇಲೆ ನಿಂತವರು ತಲೆ ತಗ್ಗಿಸಿ ದಾರಿ ಬಿಟ್ಟರು.

ನನ್ನ ಜೀವನದಲ್ಲಿ ನಾನು ಯಾರ ಮಾತಿಗೂ ಎದುರಾಡಿದವನಲ್ಲ. ಆದರೆ ಆ ಡಬ್ಬಿ ಬಾಗಿಲು ದಾಟುವುದನ್ನು ನೋಡಲಾಗಲಿಲ್ಲ. ಬಾಯಿ ತಾನೇ ತೆರೆಯಿತು.

"ಸಾಹೇಬ್ರೆ, ಈ ಪರೀಕ್ಷೆ ಚೊಕ್ಕವಾಗಿಲ್ಲ. ಬೆಳಿಗ್ಗೆ ನಾನು ಹೊಸಬ. ಈಗ ಎರಡನೇ ಸಲ, ಹೊಸಬ ಅಲ್ಲ. ಹೊಸಬರ ಕೈಯಲ್ಲಿ ಈ ಬ್ಲೇಡು ಏನು ಮಾಡುತ್ತೆ ಅನ್ನೋದು ಪ್ರಶ್ನೆ. ಅದಕ್ಕೆ ಹೊಸಬರೇ ಬೇಕು."

"ಹಾಗಾದ್ರೆ ಯಾರನ್ನಾದ್ರೂ ಕರೀರಿ."

ಯಾರೂ ಬರಲಿಲ್ಲ. ವಾಚ್‌ಮನ್ ತನ್ನ ಮೀಸೆ ಮುಚ್ಚಿಕೊಂಡ. ಮ್ಯಾನೇಜರಿಗೆ ಇದ್ದಕ್ಕಿದ್ದಂತೆ ಫೋನು ನೆನಪಾಯಿತು. ನನ್ನ ಕಣ್ಣು ಸಾಹೇಬರ ಗದ್ದದ ಮೇಲೆ ನಿಂತಿತು. ಪ್ರಯಾಣದ ಗಡ್ಡ, ಸಾಸಿವೆ ಚೆಲ್ಲಿದಂತೆ.

"ತಾವು ಯಾವುದರಲ್ಲಿ ಶೇವ್ ಮಾಡ್ತೀರಿ ಸಾಹೇಬ್ರೆ?"

"ನಾನಾ? ಕರೆಂಟಿನ ಮೆಷಿನ್ನಲ್ಲಿ. ಬರೋ ಅವಸರದಲ್ಲಿ ಮರೆತು ಬಂದೆ. ಬ್ಲೇಡು ಮುಟ್ಟಿದವನೇ ಅಲ್ಲ..." ಎಂದವರು ಅರ್ಧಕ್ಕೇ ನಿಲ್ಲಿಸಿದರು. ಇಡೀ ಕ್ಯಾಂಟೀನು ಅವರನ್ನೇ ನೋಡುತ್ತಿತ್ತು. ಬಾಗಿಲಲ್ಲಿ ಕತ್ತರಿಯಕ್ಕನೂ ನಿಂತು ತಿರುಗಿದ್ದರು.

"ಹೆದ್ರಿಕೆ ಆದ್ರೆ ಬೇಡ ಬಿಡಿ" ಎಂದರು ಅಕ್ಕ.

"ಹೆದರಿಕೆ ಯಾತಕ್ಕೆ? ಈಗ ತಾನೇ ಇವರು ತೆಗೆದಿದ್ದು ನೋಡಿಲ್ವಾ? ಮಗುವೂ ಮಾಡುತ್ತೆ. ಕೊಡ್ರೀ ಇಲ್ಲಿ!" ಸಾಹೇಬರು ಕೋಟು ಬಿಚ್ಚಿ ನೊರೆ ಹಚ್ಚಿಕೊಂಡರು.

ನಾನು ರೇಜರನ್ನು ಕುದಿಯುವ ನೀರಲ್ಲಿ ತೊಳೆದು, ಪೊಟ್ಟಣದಿಂದ ಹೊಸ ಬ್ಲೇಡು ಹಾಕಿ, ಎರಡೂ ಕೈಯಲ್ಲಿ ಕೊಟ್ಟೆ. "ಒತ್ತಬೇಡಿ ಸಾಹೇಬ್ರೆ. ಜೋಪಾನ" ಎಂದು ಒಂದು ಸಲ ಅಲ್ಲ, ಎರಡು ಸಲ ಹೇಳಿದೆ. ನನ್ನ ಕರ್ತವ್ಯ ಅದು. ಹೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

"ನನಗೆ ಹೇಳ್ಕೊಡ್ತೀರಾ?" ಎಂದು ಸಾಹೇಬರು ಬಲದವಡೆಯ ಮೇಲೆ ರೇಜರಿಟ್ಟು, ಇಷ್ಟು ವರ್ಷ ಕಾರ್ಖಾನೆಗಳ ಮೇಲೆ ಮುದ್ರೆ ಒತ್ತಿ ಪಳಗಿದ ಕೈಯಿಂದ, ಒತ್ತಿ ಎಳೆದರು.

ಸದ್ದಿಲ್ಲ. ಅವರು ನಕ್ಕರು. "ನೋಡಿ, ಏನೂ ಆಗಲಿಲ್ಲ! ನೋವೇ ಇಲ್ಲ!"

ಅಡುಗೆಯವರು ತಟ್ಟೆಯನ್ನು ಮೆಲ್ಲಗೆ ಅವರ ಮುಖದ ಹತ್ತಿರಕ್ಕೆ ತಂದರು.

ಗೆರೆ ಮೊದಲು ಬಿಳಿಯಾಗಿತ್ತು. ಆಮೇಲೆ ಅದಕ್ಕೂ ಸುದ್ದಿ ಮುಟ್ಟಿತು.

"ನರ್ಸಮ್ಮಾ!" ಮ್ಯಾನೇಜರು ಚೀರಿದರು.

ನರ್ಸಮ್ಮ ಟಾರ್ಚು ಬಿಟ್ಟು ಸಾಹೇಬರ ಗಾಯ ನೋಡಿದರು. ನನ್ನ ಪಟ್ಟಿ ಬಿಚ್ಚಿ ನನ್ನದನ್ನು ನೋಡಿದರು. ಮತ್ತೆ ಅದನ್ನು, ಮತ್ತೆ ಇದನ್ನು. "ಅದೇ ಜಾಗ. ಅದೇ ನೇರ. ಅದೇ ಅಂಚು" ಎಂದು ಪಿಸುಗುಟ್ಟಿದರು. "ಎಂಥ ಸುಂದರವಾದ ಗಾಯ!"

"ಆದ್ರೆ ನನಗೆ ಯಾವ ಯಂತ್ರವೂ ತಗುಲಿಲ್ಲ" ಎಂದರು ಸಾಹೇಬರು ನಿಧಾನವಾಗಿ, ಮಗ್ಗಿ ಒಪ್ಪಿಸುವವರಂತೆ.

"ಇಲ್ಲ" ಎಂದಿತು ಇಡೀ ಕ್ಯಾಂಟೀನು ಒಂದೇ ಬಾಯಲ್ಲಿ.

"ಹಾಗಾದ್ರೆ ಇವರಿಗೂ ತಗುಲಿಲ್ಲ."

"ಇಲ್ಲ!"

ಸಾಹೇಬರು ಬೀಗ ತೆಗೆಯುವಂತೆ ಮ್ಯಾನೇಜರಿಗೆ ಕೈಸನ್ನೆ ಮಾಡಿದರು. ನರ್ಸಮ್ಮ ಅವರ ಗದ್ದದಿಂದ ನೆತ್ತಿಗೆ ಪಟ್ಟಿ ಸುತ್ತಲು ಶುರು ಮಾಡಿದರು. ಬಾಯಿ ಮುಚ್ಚಿಹೋಗುವ ಮುಂಚೆ ಸಾಹೇಬರು ಗಡ್ಡ ಹೋಗಿಯೂ ಗಾಯವಾಗದೆ ಉಳಿದ ಅಂಗುಲದಷ್ಟು ಕೆನ್ನೆಯ ಮೇಲೆ ಬೆರಳಾಡಿಸಿ, "ಏನು ನುಣುಪು ರೀ! ಯಾವ ಅಂಗಡಿ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಹೊಸಬರಿಗೆ ಹಳದಿ ಪೊಟ್ಟಣ ಒಳ್ಳೆಯದೆಂದು ಹೇಳಬೇಕೋ, ಒತ್ತದಿದ್ದರೆ ನೀಲಿಯೇ ಒಳ್ಳೆಯದೆಂದು ಹೇಳಬೇಕೋ ತಿಳಿಯದೆ, ನಾನು ದಾರಿ ಮಾತ್ರ ಹೇಳಿದೆ.

ಯಂತ್ರದ ಹತ್ತಿರ ಹೋದಾಗ ಕತ್ತರಿಯಕ್ಕ ರಕ್ತದ ಹಾಳೆ ತೆಗೆದು ಹೊಸ ಹಾಳೆ ಹಾಸುತ್ತಿದ್ದರು. ಬಯ್ಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತೆ.

ಅಕ್ಕ ಬಯ್ಯಲಿಲ್ಲ. ಕತ್ತರಿಸಿದ ರಟ್ಟಿನ ಅಂಚು ಸರಿಯಿದೆಯೇ ಎಂದು ನೋಡುವಾಗ ಮಾಡುವಂತೆ, ಕೈಯ ಹಿಂಬದಿಯನ್ನು ನನ್ನ ಎಡಗೆನ್ನೆಗೆ ತಾಗಿಸಿ, ಕಿವಿಯಿಂದ ಗದ್ದದವರೆಗೆ ಒಮ್ಮೆ ಸವರಿದರು. ಅವರ ಹುಬ್ಬು ಮೇಲೇರಿತು. ಇನ್ನೊಮ್ಮೆ ಸವರಿದರು. ನಾಲಿಗೆಗೆ ಒಂದು ಮಾತೂ ಸಿಗಲಿಲ್ಲ. ಅಂಥದ್ದು ಕಾರ್ಖಾನೆಯ ಇತಿಹಾಸದಲ್ಲಿ ಅದೇ ಮೊದಲು.

ಕೊನೆಗೆ ಅವರು ತಮ್ಮ ಯಂತ್ರದ ಕಡೆ ತಿರುಗಿ, ಅದರ ಕಬ್ಬಿಣದ ಬೆನ್ನಿಗೆ ಒಂದು ಏಟು ಹಾಕಿದರು.

"ನೋಡಿ ಕಲ್ತ್ಕೋ" ಎಂದು ಸ್ವಿಚ್ಚು ಒತ್ತಿದರು.